ಕಸ್ಟಮರ್ ಮತ್ತು ಮೆಂಬರ್

(ಗೋಕಾಕದಲ್ಲಿ ನಡೆದ ಯೌವನಸ್ಥರ ಕೂಟದಲ್ಲಿ ಕೊಟ್ಟ ಸಂದೇಶ, ಬರಹ ರೂಪದಲ್ಲಿ)

ಗೋಕಾಕ, ಮೂಡಲಗಿ, ಹುಕ್ಕೇರಿಯವರು ಇಲ್ಲಿ ಇದ್ದೀರಿ. ರಜೆ ಹಾಕಿ ಬೆಂಗಳೂರು, ಪುಣೆಯಿಂದ ಬಂದವರೂ ಇದ್ದೀರಿ. ಬೈಬಲ್ ತೆರೆಯೋ ಮೊದಲು ನಾನು ಒಂದು ತಪ್ಪು ಒಪ್ಪಿಕೊಳ್ಳಬೇಕು.

ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ನಿಂತು ನಾನೊಂದು ಮಾತು ಹೇಳಿದ್ದೆ. ಸಭೆಗೆ ಕಸ್ಟಮರ್ ಆಗಿ ಬರಬೇಡಿ, ಮೆಂಬರ್ ಆಗಿ ಬನ್ನಿ ಅಂತ. ನೀವೆಲ್ಲ ಜೋರಾಗಿ ಆಮೆನ್ ಅಂದಿರಿ. ಯಾರೋ ಅದನ್ನ ಬಣ್ಣದ ಅಕ್ಷರದಲ್ಲಿ ಬರೆದು ವಾಟ್ಸಾಪ್ ಸ್ಟೇಟಸ್ ಹಾಕಿದರು. ನನಗೂ ಖುಷಿ ಆಯ್ತು. ಬೋಧಕನಿಗೆ ತನ್ನ ಮಾತು ತಿರುಗಾಡೋದು ನೋಡಿದ್ರೆ ಖುಷಿ ಆಗ್ತದೆ, ಅದನ್ನ ಮುಚ್ಚಿಟ್ಟು ಏನು ಪ್ರಯೋಜನ?

ಹೋದ ತಿಂಗಳು ಒಬ್ಬ ತಮ್ಮ ಫೋನ್ ಮಾಡಿದ. ಮೂಡಲಗಿ ಕಡೆಯ ಹುಡುಗ, ಬೆಂಗಳೂರಲ್ಲಿ ಕೆಲಸ. ಅಲ್ಲಿ ಅವನು ಹೋಗೋ ಸಭೆಯಲ್ಲಿ ಕಟ್ಟಡಕ್ಕೆ ಅಂತ ಎರಡು ವರ್ಷದಿಂದ ಕಾಣಿಕೆ ಎತ್ತುತ್ತಿದ್ದರಂತೆ. ಇವನೂ ತಿಂಗಳು ತಿಂಗಳು ಕೊಟ್ಟಿದ್ದ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಹಿರಿಯರ ಹತ್ತಿರ ಹೋಗಿ, ಎಷ್ಟು ಬಂತು, ಎಷ್ಟು ಖರ್ಚಾಯ್ತು ಅಂತ ಮೆಲ್ಲಗೆ ಕೇಳಿದ. ಆ ಹಿರಿಯರು ಅವನ ಹೆಗಲ ಮೇಲೆ ಕೈ ಇಟ್ಟು, "ಬ್ರದರ್, ಕಸ್ಟಮರ್ ಥರ ಕೇಳಬಾರದು, ಮೆಂಬರ್ ಥರ ಇರಬೇಕು" ಅಂದರಂತೆ. ಅಂದವರಿಗೆ ಆ ಮಾತು ಸಿಕ್ಕಿದ್ದು ನಮ್ಮ ವಿಡಿಯೋದಿಂದ.

"ಪಾಸ್ಟರ್ರ, ನೀವು ಹೇಳಿದ್ದು ಇದನ್ನೇನ್ರಿ?" ಅಂತ ಹುಡುಗ ಕೇಳಿದ.

ಫೋನಿನಲ್ಲಿ ನನಗೆ ಉತ್ತರ ಬರಲಿಲ್ಲ. ಪ್ರಾರ್ಥನೆ ಮಾಡ್ತೀನಿ ಅಂದೆ. ಉತ್ತರ ಗೊತ್ತಿಲ್ಲದಾಗ ನಾವು ಪಾಸ್ಟರುಗಳು ಹೇಳೋದೇ ಅದು. ಇವತ್ತಿನ ಸಂದೇಶ ಅವನಿಗೆ ಕೊಡಬೇಕಾಗಿದ್ದ ಉತ್ತರ. ನಾನು ಅಂದು ಎರಡು ಇಂಗ್ಲಿಷ್ ಪದಗಳನ್ನ ಎತ್ತಿಕೊಂಡು ಒಂದನ್ನ ಒಳ್ಳೇದು ಮಾಡಿದೆ, ಇನ್ನೊಂದನ್ನ ಕೆಟ್ಟದ್ದು ಮಾಡಿದೆ. ಎರಡನ್ನೂ ಬಿಚ್ಚಿ ನೋಡಿರಲಿಲ್ಲ.

ಕಸ್ಟಮರ್ ಅನ್ನೋ ಪದದ ಹೊಟ್ಟೆಯೊಳಗೆ ಕಸ್ಟಮ್ ಅನ್ನೋ ಪದ ಕೂತಿದೆ. ಕಸ್ಟಮ್ ಅಂದ್ರೆ ರೂಢಿ. ಒಂದೇ ಅಂಗಡಿಗೆ ರೂಢಿಯಿಂದ ಹೋಗುವವನು ಕಸ್ಟಮರ್. ನಮ್ಮ ಕಡೆ ಖಾಯಂ ಗಿರಾಕಿ ಅಂತೀವಲ್ಲ, ಅದು. ಗೋಕಾಕದಲ್ಲಿ ಕರದಂಟು ತಗೊಳ್ಳೋಕೆ ನಮ್ಮ ಅಜ್ಜ ಒಂದೇ ಅಂಗಡಿಗೆ ಹೋಗ್ತಿದ್ದ. ಪಕ್ಕದ ಅಂಗಡಿಯಲ್ಲಿ ಕಿಲೋಗೆ ಹತ್ತು ರೂಪಾಯಿ ಕಡಿಮೆ ಇದ್ರೂ ಹೋಗ್ತಿರಲಿಲ್ಲ. ಅಂಗಡಿಯವರಿಗೂ ಅಜ್ಜನ ಹಲ್ಲು ಹೋಗಿದ್ದು ಗೊತ್ತಿತ್ತು, ಮೆತ್ತಗಿನ ತುಂಡು ಆರಿಸಿ ಕೊಡೋರು. ಅಜ್ಜ ಗಿರಾಕಿಯೇ. ಆದ್ರೆ ಆ ಗಿರಾಕಿತನದಲ್ಲಿ ಇದ್ದ ನಿಷ್ಠೆ ಇವತ್ತು ನಮ್ಮ ಎಷ್ಟೋ ಸಭೆಗಳ ಮೆಂಬರುಗಳಲ್ಲಿ ಇಲ್ಲ.

ಕನ್ಸ್ಯೂಮರ್ ಅನ್ನೋದು ಇನ್ನೊಂದು. ಅದರ ಮೂಲ ಲ್ಯಾಟಿನ್ ಪದಕ್ಕೆ ಪೂರ್ತಿ ತೆಗೆದುಕೊಂಡು ಮುಗಿಸಿಬಿಡೋದು ಅಂತ ಅರ್ಥ. ಹಿಂದೆ ಇಂಗ್ಲಿಷಿನಲ್ಲಿ ಟಿ.ಬಿ. ರೋಗಕ್ಕೆ ಕನ್ಸಂಪ್ಷನ್ ಅಂತಿದ್ದರು, ಮನುಷ್ಯನನ್ನ ತಿಂದು ಸವೆಸೋ ರೋಗ ಅಂತ. ಕನ್ನಡದ ಕ್ಷಯ ಅನ್ನೋ ಪದದಲ್ಲೂ ಅದೇ ಸವೆತ ಇದೆ. ನಾನು ಅಂದು ಬೈಯಬೇಕು ಅಂದುಕೊಂಡಿದ್ದು ಈ ಸವೆಸೋ ಬುದ್ಧಿಯನ್ನ. ಬೈದಿದ್ದು ಪಾಪದ ಗಿರಾಕಿಯನ್ನ.

ಈಗ ಮೆಂಬರ್ ಪದ ನೋಡೋಣ. ಇದರಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಲ್ಯಾಟಿನ್ನಿನಲ್ಲಿ ಮೆಂಬ್ರುಮ್ ಅಂದ್ರೆ ಕೈ, ಕಾಲು, ದೇಹದ ಒಂದು ಭಾಗ. ಇಂಗ್ಲಿಷಿಗೆ ಬಂದಾಗಲೂ ಮೊದಲಿಗೆ ಅದಕ್ಕೆ ಅದೇ ಅರ್ಥ. ಡಿಸ್‌ಮೆಂಬರ್ ಅನ್ನೋ ಪದ ಪೇಪರಿನ ಕ್ರೈಮ್ ಸುದ್ದಿಯಲ್ಲಿ ನೋಡಿರ್ತೀರಿ. ಅಂದ್ರೆ ಮೆಂಬರ್‌ಶಿಪ್ ಕ್ಯಾನ್ಸಲ್ ಮಾಡೋದು ಅಲ್ಲ, ಕೈಕಾಲು ಕತ್ತರಿಸೋದು.

ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ 12ನೇ ಅಧ್ಯಾಯದಲ್ಲಿ ಸಭೆಯನ್ನ ದೇಹಕ್ಕೆ ಹೋಲಿಸ್ತಾನೆ. ಅಲ್ಲಿ ಅವನು ಬಳಸಿದ ಗ್ರೀಕ್ ಪದ ಮೆಲೊಸ್, ಅದರ ಅರ್ಥವೂ ಅವಯವ. ಇಂಗ್ಲಿಷ್ ಬೈಬಲಿನಲ್ಲಿ ಅದು ಮೆಂಬರ್ ಆಯ್ತು. ಹಾಗಾಗಿ ಇಂಗ್ಲಿಷಿನವರಿಗೆ ಚರ್ಚ್ ಮೆಂಬರ್ ಅಂದಾಗ ಹಿಂದೆ ಎಲ್ಲೋ ಒಂದು ಕೈ, ಒಂದು ಕಾಲು ಕಾಣೋ ಸಾಧ್ಯತೆ ಇದೆ. ಕನ್ನಡದಲ್ಲಿ ಆ ದಾರಿ ಮುಚ್ಚಿಹೋಗಿದೆ. ಬೈಬಲಿನಲ್ಲಿ ಅಂಗ, ಅವಯವ ಅಂತ ಓದ್ತೀವಿ. ಸಭೆಯ ರಿಜಿಸ್ಟರ್‌ನಲ್ಲಿ ಸದಸ್ಯರು ಅಂತ ಬರೀತೀವಿ. ಸದಸ್ಯ ಅಂದ್ರೆ ಸದಸ್ಸಿನಲ್ಲಿ, ಅಂದ್ರೆ ಸಭೆಯಲ್ಲಿ, ಕೂತವನು. ಕೂತವನು ಏಳಬಹುದು, ಹೋಗಬಹುದು, ಕುರ್ಚಿಗೆ ನೋವಾಗೋದಿಲ್ಲ. ನಾನು ಈ ಸಭೆಯ ಸದಸ್ಯ ಅಂತ ಎಲ್ಲರೂ ಹೇಳ್ತೀವಿ. ನಾನು ಈ ಸಭೆಯ ಕಿವಿ, ಈ ಸಭೆಯ ಕಿರುಬೆರಳು ಅಂತ ಯಾರಾದ್ರೂ ಹೇಳಿದ್ದು ಕೇಳಿದ್ದೀರಾ?

ಈಗಿನ ಬಳಕೆ ಹೇಗಿದೆ ನೋಡಿ. ಜಿಮ್ಮಿಗೆ ಮೆಂಬರ್. ಅಮೆಜಾನ್ ಪ್ರೈಮ್ ಮೆಂಬರ್. ಯೂಟ್ಯೂಬಿನಲ್ಲಿ ದುಡ್ಡು ಕೊಟ್ಟು ಚಾನೆಲ್‌ಗೆ ಮೆಂಬರ್. ಇಲ್ಲೆಲ್ಲ ಮೆಂಬರ್ ಅಂದ್ರೆ ಮುಂಗಡ ದುಡ್ಡು ಕಟ್ಟಿದ ಕಸ್ಟಮರ್, ಅಷ್ಟೇ. ಜನವರಿಯಲ್ಲಿ ಜಿಮ್ ಸೇರಿ ಫೆಬ್ರವರಿಯಲ್ಲಿ ಬಿಟ್ಟವರು ಇಲ್ಲೇ ಕೂತಿದ್ದೀರಿ, ನಗಬೇಡಿ. ನೀವು ಬಿಟ್ಟಿದ್ದಕ್ಕೆ ಆ ಟ್ರೆಡ್‌ಮಿಲ್ ಅಳಲಿಲ್ಲ. ಕಂಪನಿಗಳು ನಮ್ಮ ಪದ ತಗೊಂಡವು, ನಾವು ಅವರ ಬುದ್ಧಿ ತಗೊಂಡ್ವಿ. ಭಾನುವಾರದ ಆರಾಧನೆಗೆ ಸರ್ವಿಸ್ ಅಂತೀವಿ, ಬೈಕ್ ಬಿಡೋದಕ್ಕೂ ಸರ್ವಿಸ್ ಅಂತೀವಿ. ಫಸ್ಟ್ ಸರ್ವಿಸ್ ಚೆನ್ನಾಗಿತ್ತಾ, ಸೆಕೆಂಡ್ ಸರ್ವಿಸ್ ಚೆನ್ನಾಗಿತ್ತಾ ಅಂತ ಕೇಳ್ತೀವಿ.

ಪದದ ಅರ್ಥ ಡಿಕ್ಷನರಿಯಲ್ಲಿ ಸಿಗ್ತದೆ, ಬದುಕಿನಲ್ಲಿ ಅದು ಹೇಗೆ ಕಾಣ್ತದೆ ಅನ್ನೋದಕ್ಕೆ ನಾನು ನಿಮ್ಮನ್ನ ಹುಕ್ಕೇರಿಗೆ ಕರೆದುಕೊಂಡು ಹೋಗಬೇಕು.

ಹುಕ್ಕೇರಿಯವರಿಗೆ ಇದು ಗೊತ್ತಿರೋ ವಿಷಯ. ಬೇರೆಯವರು ಕೇಳಿ. ಕರ್ನಾಟಕದ ಉಳಿದ ಕಡೆ ಮನೆಗೆ ಕರೆಂಟ್ ಕೊಡೋದು ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ ಥರದ ಸರ್ಕಾರಿ ಕಂಪನಿಗಳು. ಹುಕ್ಕೇರಿ ತಾಲೂಕಿನಲ್ಲಿ ಮಾತ್ರ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ. ರಾಜ್ಯದಲ್ಲಿ ಇಂಥದ್ದು ಇದೊಂದೇ. 1969ರಲ್ಲಿ ಶುರುವಾಗಿದ್ದು. ಅಮೆರಿಕದ ಹಳ್ಳಿಗಳಲ್ಲಿ 1930ರ ದಶಕದಲ್ಲಿ ಕಂಪನಿಗಳು ತಂತಿ ಎಳೆಯೋಕೆ ಬರದೇ ಇದ್ದಾಗ ರೈತರೇ ಸಂಘ ಕಟ್ಟಿ ಕರೆಂಟ್ ತಂದುಕೊಂಡಿದ್ದರು. ಆ ಮಾದರಿಯನ್ನ ನಮ್ಮ ದೇಶದಲ್ಲಿ ಮೊದಲು ಐದು ಕಡೆ ಪ್ರಯೋಗ ಮಾಡಿದರು: ಈಗಿನ ತೆಲಂಗಾಣದ ಸಿರಿಸಿಲ್ಲ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೊಡಿನಾರ್, ಉತ್ತರ ಪ್ರದೇಶದ ಲಖನೌ, ಮತ್ತೆ ನಮ್ಮ ಹುಕ್ಕೇರಿ. ಮುಳಾ-ಪ್ರವರಾ ಸಂಘದ ಕೆಲಸ 2011ರಲ್ಲಿ ಸರ್ಕಾರಿ ಕಂಪನಿಗೆ ಹೋಯ್ತು. ಹುಕ್ಕೇರಿಯದು ಉಳಿದಿದೆ. ಅದರ ಮುಖ್ಯ ಕೆಲಸ ಕರೆಂಟನ್ನ ಸಗಟಾಗಿ ಕೊಂಡು ತಾಲೂಕಿಗೆ ಹಂಚೋದು. ದರ ನಿಗದಿ ಮಾಡೋದು ರಾಜ್ಯದ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ.

ನಮ್ಮ ಸೋದರಮಾವನ ಊರು ಹುಕ್ಕೇರಿ ತಾಲೂಕಿನಲ್ಲಿ. ಚಿಗವ್ವನ ಮನೆ ಗೋಕಾಕ ತಾಲೂಕಿನಲ್ಲಿ. ಎರಡೂ ಮನೆಯಲ್ಲಿ ಅದೇ ಬಲ್ಬು, ಅದೇ ಸ್ವಿಚ್ಚು. ಇಬ್ಬರಿಗೂ ಆರ್.ಆರ್. ನಂಬರ್ ಇದೆ, ಇಬ್ಬರೂ ಬಿಲ್ ಬಂದಾಗ ಗೊಣಗ್ತಾರೆ. ಬೀದಿಯಲ್ಲಿ ನಿಂತು ನೋಡಿದವರಿಗೆ ವ್ಯತ್ಯಾಸ ಗೊತ್ತಾಗೋದಿಲ್ಲ. ಸಂಘದ ಚುನಾವಣೆ ದಿವಸ ಗೊತ್ತಾಗ್ತದೆ. ಅವತ್ತು ಮಾವ ಇಸ್ತ್ರಿ ಮಾಡಿದ ಧೋತರ ಉಟ್ಟು ವೋಟ್ ಹಾಕೋಕೆ ಹೋಗ್ತಾನೆ. ಚಿಗವ್ವ ಒಮ್ಮೆ ತಮಾಷೆ ಮಾಡಿದಳು, "ಯಣ್ಣಾ, ಕರೆಂಟ್ ಬಿಲ್ ತುಂಬಾಕ ಇಷ್ಟ್ಯಾಕ ಶೃಂಗಾರ?" ಅಂತ. ಮಾವ ಅಂದ, "ಬಿಲ್ ತುಂಬೂದು ನಿಂದು. ನಾ ಮೆಂಬರ್ ಅದೀನಿ."

ಸಹಕಾರಿ ಸಂಘದಲ್ಲಿ ಒಬ್ಬರಿಗೆ ಒಂದು ವೋಟು. ಕಂಪನಿಯಲ್ಲಾದ್ರೆ ಸಾವಿರ ಷೇರು ಇದ್ದವನಿಗೆ ಸಾವಿರ ವೋಟಿನ ಬಲ. ಸಂಘದಲ್ಲಿ ನೂರು ಎಕರೆ ಇದ್ದ ಗೌಡರಿಗೂ ಒಂದೇ, ಎರಡು ಎಕರೆ ಇದ್ದ ಮಾವನಿಗೂ ಒಂದೇ. ಇದು ನಮ್ಮ ನಾಡಿಗೆ ಹೊಸದೇನಲ್ಲ. 1904ರಲ್ಲಿ ಕಾನೂನು ಬಂತು, ಮರುವರ್ಷವೇ, 1905ರಲ್ಲಿ, ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಪತ್ತಿನ ಸಂಘ ಕಟ್ಟಿದರು. ಬಡ್ಡಿ ವ್ಯವಹಾರದವರ ಮನೆ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ ರೈತ ಸಂಘದಲ್ಲಿ ಕೂತು ಮಾತಾಡೋ ಮನುಷ್ಯ ಆದ.

ಮೆಂಬರಿಗೆ ಇರೋ ಹಕ್ಕುಗಳು ಯಾವುವು? ವೋಟು. ವಾರ್ಷಿಕ ಸರ್ವಸಾಧಾರಣ ಸಭೆಗೆ ನೋಟಿಸು. ಅಲ್ಲಿ ಜಮಾಖರ್ಚು ಓದಬೇಕು, ಲೆಕ್ಕಪರಿಶೋಧನೆ ವರದಿ ಮುಂದೆ ಇಡಬೇಕು, ಮೆಂಬರ್ ಎದ್ದು ಪ್ರಶ್ನೆ ಕೇಳಬಹುದು. ಪ್ರಿಯರೇ, ನನ್ನ ಕಣ್ಣು ತೆರೆದಿದ್ದು ಇಲ್ಲಿ. ಕಸ್ಟಮರ್ ಏನು ಕೇಳಬಹುದು? ನಾನು ಕೊಂಡ ಸಾಮಾನು ಸರಿ ಇಲ್ಲ, ಬದಲಿ ಕೊಡು, ಇಲ್ಲ ದುಡ್ಡು ವಾಪಸ್ ಕೊಡು. ಅಷ್ಟಕ್ಕೆ ಅವನಿಗೆ ಗ್ರಾಹಕರ ರಕ್ಷಣೆಯ ಕಾನೂನು ಇದೆ, 1986ರದ್ದು, ಆಮೇಲೆ ಅದರ ಬದಲಿಗೆ 2019ರದ್ದು. ಆದ್ರೆ ಅಂಗಡಿಯ ಲಾಭ ಎಷ್ಟು, ಹೊಸ ಗೋಡೌನ್ ಕಟ್ಟೋಕೆ ಯಾರು ಒಪ್ಪಿದರು ಅಂತ ಕಸ್ಟಮರ್ ಕೇಳಿದ್ರೆ ಅಂಗಡಿಯವನು ನಗ್ತಾನೆ. ಆ ಪ್ರಶ್ನೆ ಕೇಳೋ ಹಕ್ಕು ಇರೋದು ಮೆಂಬರಿಗೆ.

ಹಂಗಾದ್ರೆ ಮೂಡಲಗಿಯ ಆ ಹುಡುಗ ಕೇಳಿದ ಪ್ರಶ್ನೆ ಯಾರ ಪ್ರಶ್ನೆ? ಎಷ್ಟು ಬಂತು, ಎಷ್ಟು ಖರ್ಚಾಯ್ತು. ಅದು ಕಸ್ಟಮರ್ ಪ್ರಶ್ನೆಯೇ ಅಲ್ಲ. ಆ ಹಾಲ್‌ನಲ್ಲಿ ಅವತ್ತು ಮೆಂಬರ್ ಥರ ಮಾತಾಡಿದವನು ಅವನೇ. ಅವನಿಗೆ ಮೆಂಬರ್ ಥರ ಇರು ಅಂದವರು ಅವನಿಂದ ಬಯಸಿದ್ದು ಕಸ್ಟಮರ್‌ಗಿಂತ ಕಡಿಮೆಯದ್ದು. ದುಡ್ಡು ಕೊಡಬೇಕು, ಸಾಮಾನು ಕೇಳಬಾರದು, ಲೆಕ್ಕವೂ ಕೇಳಬಾರದು. ಅಂಥವನಿಗೆ ಇಂಗ್ಲಿಷಿನಲ್ಲಿ ಏನಂತಾರೋ. ಕನ್ನಡದಲ್ಲಿ ನಾವು ಒಕ್ಕಲು ಅಂತಿದ್ವಿ, ಧಣಿ ಹೊಲದ ಒಕ್ಕಲು. ಅದಕ್ಕೆ ನನ್ನ ಮಾತು ಬಳಕೆ ಆಯ್ತು. ನಾನು ಕ್ಷಮೆ ಕೇಳ್ತೀನಿ.

ಇದು ನನ್ನ ಸ್ವಂತ ಆಲೋಚನೆ ಅಂದುಕೊಳ್ಳಬೇಡಿ, ವಾಕ್ಯಕ್ಕೆ ಹೋಗೋಣ. ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ. ಯೆರೂಸಲೇಮಿನ ಸಭೆ, ಪವಿತ್ರಾತ್ಮನ ಬೆಂಕಿ ಇನ್ನೂ ಬಿಸಿ ಇರೋ ಕಾಲ. ದಿನಾ ಬಡವರಿಗೆ ಊಟ ಹಂಚ್ತಿದ್ದರು. ಗ್ರೀಕ್ ಮಾತಾಡೋ ವಿಧವೆಯರಿಗೆ ಸರಿಯಾಗಿ ಸಿಗ್ತಿಲ್ಲ ಅಂತ ಗುಣುಗುಟ್ಟುವಿಕೆ ಶುರುವಾಯ್ತು. ಇದಕ್ಕಿಂತ ದೊಡ್ಡ ಕಸ್ಟಮರ್ ಕಂಪ್ಲೇಂಟ್ ಬೇಕಾ? ನಮ್ಮವರಿಗೆ ಊಟ ಕಡಿಮೆ ಬಿತ್ತು! ಅಪೊಸ್ತಲರು ಏನು ಮಾಡಿದರು? ಗುಣುಗುಟ್ಟಬೇಡಿ, ಆತ್ಮಿಕರಾಗಿರಿ ಅನ್ನಲಿಲ್ಲ. ಶಿಷ್ಯರನ್ನೆಲ್ಲ ಒಟ್ಟು ಸೇರಿಸಿ, ನೀವೇ ಏಳು ಮಂದಿಯನ್ನ ಆರಿಸಿ ಅಂದರು. ಆ ಏಳು ಮಂದಿಯ ಹೆಸರು ಓದಿ ನೋಡಿ, ಸ್ತೆಫನ, ಫಿಲಿಪ್ಪ, ಪ್ರೊಖೋರ, ಎಲ್ಲ ಗ್ರೀಕ್ ಹೆಸರು. ದೂರು ಯಾವ ಕಡೆಯಿಂದ ಬಂತೋ ಆ ಕಡೆಯ ಹೆಸರುಗಳವರ ಕೈಗೇ ಹಂಚೋ ಕೆಲಸ ಕೊಟ್ಟರು. ಗಿರಾಕಿಯ ದೂರನ್ನ ಕೇಳಿ ಅವನನ್ನ ಅವಯವ ಮಾಡಿಕೊಂಡರು.

ಪೌಲನೂ ಹಾಗೇ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ 8ನೇ ಅಧ್ಯಾಯ ಓದಿ. ಯೆರೂಸಲೇಮಿನ ಬಡವರಿಗೆ ದೊಡ್ಡ ಕಾಣಿಕೆ ಕೂಡಿಸಿದಾಗ ತಾನೊಬ್ಬನೇ ಹೊತ್ತುಕೊಂಡು ಹೋಗಲಿಲ್ಲ. ಸಭೆಗಳೇ ಆರಿಸಿದ ಒಬ್ಬ ಸಹೋದರನನ್ನ ಜೊತೆಗೆ ಇಟ್ಟುಕೊಂಡ. ದೇವರ ಮುಂದೆ ಸರಿ ಇದ್ದರೆ ಸಾಲದು, ಮನುಷ್ಯರ ಮುಂದೆಯೂ ಸರಿ ಕಾಣಬೇಕು ಅನ್ನೋ ಅರ್ಥದಲ್ಲಿ ಬರೀತಾನೆ. ದೇವರಿಗೆ ಗೊತ್ತಿದೆ ಬ್ರದರ್ ಅನ್ನೋ ನಮ್ಮ ಉತ್ತರ ಪೌಲನಿಗೆ ಸಾಲಲಿಲ್ಲ.

ಇಷ್ಟು ಕೇಳಿ ಕೆಲವರಿಗೆ ಒಳಗೊಳಗೇ ಖುಷಿ ಆಗ್ತಿದೆ. ಪಾಸ್ಟರುಗಳಿಗೆ ಸರಿಯಾಗಿ ಬಿತ್ತು ಅಂತ. ತಾಳಿ, ನಿಮ್ಮ ಕಡೆಗೂ ಬರ್ತೀನಿ.

ಮೂಡಲಗಿ, ಗೋಕಾಕ ಕಡೆ ಕಬ್ಬು ಬೆಳೆಯೋ ಮನೆಯ ಮಕ್ಕಳಿಗೆ ಇದು ಗೊತ್ತು. ಸಹಕಾರಿ ಸಕ್ಕರೆ ಕಾರ್ಖಾನೆಗೆ ಅಪ್ಪ ಷೇರು ಹಾಕಿರ್ತಾರೆ. ಕಾರ್ಖಾನೆ ನಡೀಬೇಕಾದ್ರೆ ಮೆಂಬರುಗಳ ಕಬ್ಬು ಬರಲೇಬೇಕು. ಬೆಲ್ಲದ ರೇಟ್ ಏರಿದ ವರ್ಷ ಕಬ್ಬು ಕಾರ್ಖಾನೆಗೆ ಹೋಗೋದಿಲ್ಲ, ಗಾಣಕ್ಕೆ ಹೋಗ್ತದೆ. ಬೆಲ್ಲ ಬಿದ್ದ ವರ್ಷ ಟ್ರ್ಯಾಕ್ಟರ್ ಕಾರ್ಖಾನೆ ಗೇಟಿನ ಮುಂದೆ ನಿಲ್ತದೆ, ಆಗ ನಾವು ಮೆಂಬರ್ ಅದೀವಿ, ಮೊದಲು ನಮ್ಮದು ತಗೋರಿ ಅನ್ನೋ ಗಲಾಟೆ. ರಿಯಾಯಿತಿ ಸಕ್ಕರೆ ಹಂಚುವಾಗ ಎಲ್ಲರೂ ಮೆಂಬರ್. ಕಾರ್ಖಾನೆಗೆ ಕಬ್ಬು ಸಾಲದೆ ಹಂಗಾಮು ಬೇಗ ಮುಗಿದಾಗ ಅದು ಚೇರ್ಮನ್ನರ ತಪ್ಪು.

ನಾನು ರೈತರನ್ನ ಬೈತಿಲ್ಲ, ನಾನೂ ಅದೇ ಮನೆಯವನು. ಇದರಲ್ಲಿ ಇನ್ನೊಂದು ಮಗ್ಗಲೂ ಇದೆ. ಕಬ್ಬು ಕೊಟ್ಟ 14 ದಿವಸದೊಳಗೆ ದುಡ್ಡು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳ್ತದೆ. ತಿಂಗಳುಗಟ್ಟಲೆ ಬಿಲ್ ಬಾರದೆ ಮಗಳ ಮದುವೆ ಮುಂದಕ್ಕೆ ಹಾಕಿದ ಅಪ್ಪ ಮುಂದಿನ ವರ್ಷ ಗಾಣಕ್ಕೆ ಹೋದ್ರೆ ನಾನು ಅವನನ್ನ ದ್ರೋಹಿ ಅನ್ನೋದಿಲ್ಲ. ಮೊದಲು ಸಂಘ ಅವನನ್ನ ಅವಯವದಂತೆ ನೋಡಲಿಲ್ಲ. ಆದ್ರೆ ಬಿಲ್ ಸರಿಯಾಗಿ ಬಂದ ವರ್ಷವೂ ಟನ್ನಿಗೆ ಐವತ್ತು ರೂಪಾಯಿ ಜಾಸ್ತಿ ಅಂತ ಓಡಿದವನು? ಅವನ ಕಥೆ ಬೇರೆ, ಅವನಿಗೂ ಅದು ಗೊತ್ತು.

ನಮ್ಮ ಮಾವನ ಕಥೆಯನ್ನೂ ಪೂರ್ತಿ ಹೇಳಬೇಕು. ವೋಟಿಗೆ ಧೋತರ ಉಟ್ಟು ಹೋಗೋ ಮಾವ ಇನ್ನೊಂದು ಸಂಘದ ವಾರ್ಷಿಕ ಸಭೆಗೂ ಹೋಗ್ತಾನೆ. ಯಾವ ಸಂಘ ಅಂತ ಹೇಳೋದಿಲ್ಲ. ಅಲ್ಲಿ ಊಟ ಹಾಕಿ ಒಂದು ಬ್ಯಾಗ್ ಕೊಡ್ತಾರೆ. ಜಮಾಖರ್ಚು ಓದುವಾಗ ಮಾವ ಹೊರಗೆ ಬೇವಿನ ಗಿಡದ ನೆರಳಲ್ಲಿ. ಬ್ಯಾಗ್ ಹಂಚುವಾಗ ಸಾಲಿನಲ್ಲಿ ಮುಂದೆ. ಕೇಳಿದ್ರೆ "ಅದರಾಗ ನಮಗೇನ್ ತಿಳಿತೈತಪ್ಪಾ" ಅಂತಾನೆ. ಕಾಗದದ ಮೇಲೆ ಮೆಂಬರ್, ಬುದ್ಧಿಯಲ್ಲಿ ಗಿರಾಕಿ. ಲೆಕ್ಕ ಮುಚ್ಚಿಡೋರಿಗೆ ಇಂಥ ಮೆಂಬರುಗಳೇ ಬೇಕು. ನೀವು ಲೆಕ್ಕ ಕೇಳೋ ಹಕ್ಕು ನನ್ನದು ಅನ್ನೋದಾದ್ರೆ ಲೆಕ್ಕ ಓದುವಾಗ ಕೂತು ಕೇಳೋ ಬೇಸರವೂ ನಿಮ್ಮದೇ. ಹೋದ ವರ್ಷ ನಮ್ಮ ಸಭೆಯಲ್ಲಿ ಲೆಕ್ಕ ಓದಿದ ದಿನ ಯೌವನಸ್ಥರು ಎಷ್ಟು ಮಂದಿ ಇದ್ರಿ? ಎಣಿಸಿದ್ದೆ, ನಾಲ್ಕು. ಅದರಲ್ಲಿ ಒಬ್ಬ ಸೌಂಡ್ ಸಿಸ್ಟಮ್ ಹುಡುಗ, ಅವನು ಹೋಗೋ ಹಾಗಿರಲಿಲ್ಲ.

2019ರ ಆಗಸ್ಟ್ ನಿಮಗೆ ನೆನಪಿರಬೇಕು. ಘಟಪ್ರಭೆ, ಮಾರ್ಕಂಡೇಯ ಎರಡೂ ತುಂಬಿ ಗೋಕಾಕದ ಊರೊಳಗೆ ನೀರು ನುಗ್ಗಿತು. ನೀರು ಇಳಿದ ಮೇಲೆ ಉಳಿದಿದ್ದು ಕೆಸರು. ಆರಾಧನೆ ನಡೆಸ್ತಿದ್ದ ನಮ್ಮ ಹಾಲಿನಲ್ಲೂ ಮೊಣಕಾಲು ಮಟ್ಟ ಕೆಸರು, ಹಾರ್ಮೋನಿಯಂ ಉಬ್ಬಿಹೋಗಿತ್ತು. ಆ ವಾರ ನನಗೆ ಎರಡು ಅನುಭವ ಆಯ್ತು. ನಮ್ಮ ರಿಜಿಸ್ಟರ್‌ನಲ್ಲಿ ಹತ್ತು ವರ್ಷದಿಂದ ಹೆಸರಿರೋ ಒಬ್ಬರು ಫೋನ್ ಮಾಡಿ, "ಭಾನುವಾರ ಸರ್ವಿಸ್ ಐತೇನ್ರಿ, ಇಲ್ಲಾಂದ್ರ ನಾವು ಬೆಳಗಾವಿಗೆ ಹೋಗ್ತೀವಿ" ಅಂದರು. ಒಬ್ಬ ಅಕ್ಕ, ತರಕಾರಿ ಮಾರೋರು, ಹಿಂದಿನ ಸಾಲಿನಲ್ಲಿ ಕೂತು ಪ್ರಾರ್ಥನೆ ಮಾಡಿಸಿಕೊಂಡು ಹೋಗ್ತಿದ್ದವರು, ದೀಕ್ಷಾಸ್ನಾನವೂ ಆಗಿರಲಿಲ್ಲ, ಬುಟ್ಟಿ ಸಲಿಕೆ ಹಿಡಿದುಕೊಂಡು ಬಂದರು. ಅವರ ಮನೆಯೊಳಗೂ ನೀರು ಹೋಗಿತ್ತು. "ನಿಮ್ಮನಿ ಬಿಟ್ಟು ಇಲ್ಲಿಗ್ಯಾಕ ಬಂದ್ರಿ ಅಕ್ಕಾರ?" ಅಂತ ಕೇಳಿದೆ. "ಅಲ್ಲಿ ಅರ್ಧಾ ಆತ್ರಿ, ಇಲ್ಲಿ ಅರ್ಧಾ ಮಾಡಿ ಹೋಗ್ತೀನಿ" ಅಂದರು. ಮನೆ ಎರಡು ಅನ್ನೋ ಹಾಗೆ.

ಆ ದಿನ ನನ್ನ ರಿಜಿಸ್ಟರ್ ನನಗೆ ಸುಳ್ಳು ಅನ್ನಿಸ್ತು. ಅವಯವ ಅರ್ಜಿ ತುಂಬಿ ಆಗೋದಲ್ಲ. ಮುಳ್ಳು ಕಾಲಿಗೆ ಚುಚ್ಚಿದ್ರೆ ಕೈ ತಾನಾಗಿ ಅಲ್ಲಿಗೆ ಹೋಗ್ತದೆ, ಇದು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಅನ್ನೋದಿಲ್ಲ. ಅಂಥ ಕೈ ಎಲ್ಲಿ ಕಂಡಿತೋ ಅಲ್ಲಿ ಮೆಂಬರ್ ಇದ್ದಾನೆ, ನಾವು ಹೆಸರು ಬರೆಯೋದು ಆಮೇಲಿನ ಮಾತು.

ಆದ್ರೆ ಆ ಬೆಳಗಾವಿ ಫೋನಿನವರ ಮೇಲೂ ನಾನು ಕಠಿಣವಾಗಬಾರದು. ನಾವು ಪೆಂತೆಕೊಸ್ತ್ ಸಭೆಯವರು ನಮ್ಮ ನಮ್ಮ ಸಾಕ್ಷಿ ನೆನಪು ಮಾಡಿಕೊಳ್ಳೋಣ. ನಮ್ಮಲ್ಲಿ ಬಹಳ ಜನ ಮೊದಲು ಬಂದಿದ್ದು ಗಿರಾಕಿಗಳಾಗಿಯೇ. ಗಂಡನ ಕುಡಿತ ಬಿಡಲಿ ಅಂತ ಒಬ್ಬರು, ಮಗುವಿನ ಜ್ವರ ಇಳಿಯಲಿ ಅಂತ ಇನ್ನೊಬ್ಬರು. ನಮ್ಮ ಅವ್ವ ನನ್ನನ್ನ ಎತ್ತಿಕೊಂಡು ಮೊದಲ ಸಲ ಪ್ರಾರ್ಥನೆಗೆ ಬಂದಾಗ ಅವಳಿಗೆ ಬೇಕಾಗಿದ್ದು ಸದಸ್ಯತ್ವ ಅಲ್ಲ, ನನ್ನ ಮೈ ತಣ್ಣಗಾಗಬೇಕಿತ್ತು. ಅವತ್ತು ಯಾರಾದ್ರೂ ಅವಳಿಗೆ ಕಸ್ಟಮರ್ ಥರ ಬರಬೇಡ ಅಂದಿದ್ದರೆ ನಾನು ಇವತ್ತು ಇಲ್ಲಿ ಇರ್ತಿರಲಿಲ್ಲ. ಯೋಹಾನ 6ನೇ ಅಧ್ಯಾಯದಲ್ಲಿ ಯೇಸು ಐದು ಸಾವಿರ ಗಂಡಸರಿಗೆ ರೊಟ್ಟಿ ಕೊಟ್ಟಾಗ ಅವರಲ್ಲಿ ಮೆಂಬರ್ ಯಾರು ಅಂತ ಕೇಳಲಿಲ್ಲ. ಎಲ್ಲರಿಗೂ ಹೊಟ್ಟೆತುಂಬ ಕೊಟ್ಟ. ಮರುದಿನ ಅವರು ಹುಡುಕಿಕೊಂಡು ಬಂದಾಗ, ರೊಟ್ಟಿಗಾಗಿ ಬಂದಿದ್ದೀರಿ ಅನ್ನೋ ಸತ್ಯವನ್ನ ಮುಖದ ಮೇಲೆ ಹೇಳಿದ. ಆಮೇಲೆ ಮಾತು ಕಠಿಣವಾಯ್ತು, ಬಹಳ ಮಂದಿ ಹೊರಟುಹೋದರು. ಆತನು ಬಾಗಿಲು ಮುಚ್ಚಲಿಲ್ಲ, ಹಿಂದೆ ಓಡಲೂ ಇಲ್ಲ. ಹನ್ನೆರಡು ಮಂದಿಯನ್ನೂ, ನಿಮಗೂ ಹೋಗಬೇಕಾ ಅಂತ ಕೇಳಿದ. ಮನಸ್ಸಿದ್ದರೆ ಹೋಗಬಹುದಿತ್ತು. ಪೇತ್ರ ಉಳಿದಿದ್ದು ಲೈಸೆನ್ಸ್ ಕಟ್ಟಿಹಾಕಿದ್ದಕ್ಕಲ್ಲ, ಹೋಗೋಕೆ ಬೇರೆ ಯಾರೂ ಕಾಣದೇ ಇದ್ದಿದ್ದಕ್ಕೆ.

ಈಗ ಕಷ್ಟದ ಪ್ರಶ್ನೆ. ಆ ಹುಡುಗ ಫೋನ್ ಇಡೋ ಮೊದಲು ಕೇಳಿದ್ದು ಇದನ್ನೇ: "ನಾ ಈ ಸಭೆ ಬಿಡಬಹುದೇನ್ರಿ? ಅವಯವ ದೇಹ ಬಿಟ್ಟು ಹೋಗಬಾರದಲ್ಲರಿ?"

1 ಕೊರಿಂಥ 12ನ್ನ ಈ ಕೆಲಸಕ್ಕೆ ಬಹಳ ಮಂದಿ ಬಳಸಿದ್ದಾರೆ. ಬಿಟ್ಟು ಹೋದ್ರೆ ಕತ್ತರಿಸಿದ ಬೆರಳಿನಂತೆ ಒಣಗಿ ಹೋಗ್ತೀಯ ಅಂತ ಹೆದರಿಸಿದ್ದಾರೆ. ಅಧ್ಯಾಯವನ್ನ ನಿಧಾನ ಓದಿ. ಅಲ್ಲಿ ಮಾತಾಡೋ ಅವಯವಗಳು ಯಾವುವು? ಕಾಲು, ನಾನು ಕೈ ಅಲ್ಲವಲ್ಲ, ಹಾಗಾಗಿ ನಾನು ದೇಹಕ್ಕೆ ಸೇರಿದವನಲ್ಲ ಅಂತ ಕುಗ್ಗಿ ಕೂತಿದೆ. ಕಣ್ಣು, ನೀನು ನನಗೆ ಬೇಡ ಅಂತ ಕೈಗೆ ಸೊಕ್ಕಿನಿಂದ ಹೇಳ್ತಿದೆ. ಪೌಲ ತಿದ್ದೋದು ಈ ಎರಡನ್ನ, ತನ್ನನ್ನ ಕೀಳು ಅಂದುಕೊಂಡವನನ್ನ ಮತ್ತು ಇನ್ನೊಬ್ಬನನ್ನ ಬೇಡ ಅಂದವನನ್ನ. ಬಲಹೀನ ಅಂತ ಕಾಣೋ ಅವಯವಕ್ಕೇ ಹೆಚ್ಚು ಮಾನ ಅಂತಾನೆ. ಇನ್ನೊಂದು ಊರಿಗೆ, ಇನ್ನೊಂದು ಸಭೆಗೆ ಹೋದವನ ಬಗ್ಗೆ ಅಲ್ಲಿ ಒಂದು ಮಾತೂ ಇಲ್ಲ. ದೇಹ ಅನ್ನೋದು ನಮ್ಮ ಒಂದು ಹಾಲಿಗಿಂತ ದೊಡ್ಡದು. ಒಬ್ಬ ಪ್ರಶ್ನೆ ಕೇಳಿದವನಿಗೆ, ನೀನು ಇಲ್ಲದಿದ್ದರೂ ನಡೀತದೆ ಅಂದ ಹಿರಿಯ ಇದ್ದಾನಲ್ಲ, ಅಧ್ಯಾಯ ತಟ್ಟೋದು ಅವನ ಹೆಗಲನ್ನ.

ಹಂಗಂತ ಬಿಡೋದು ಸಿಮ್ ಪೋರ್ಟ್ ಮಾಡಿದಷ್ಟು ಹಗುರ ಅಂತಲೂ ನಾನು ಹೇಳಲಾರೆ. ನಿಮ್ಮಲ್ಲಿ ಕೆಲವರು ಮೂರು ವರ್ಷದಲ್ಲಿ ನಾಲ್ಕು ಸಭೆ ಬದಲಿಸಿದ್ದೀರಿ, ನನಗೆ ಗೊತ್ತು. ಒಂದರಲ್ಲಿ ವರ್ಷಿಪ್ ಟೀಮ್ ಚೆನ್ನಾಗಿರಲಿಲ್ಲ, ಇನ್ನೊಂದರಲ್ಲಿ ಪಾರ್ಕಿಂಗ್ ಇರಲಿಲ್ಲ. ಬಿಟ್ಟು ಬಂದ ಸಭೆಯಲ್ಲಿ ನಿಮ್ಮ ಪಕ್ಕ ಕೂರ್ತಿದ್ದ ಮುದುಕಿಯ ಹೆಸರು ಗೊತ್ತಾ? ನೀವು ಬರೋದು ನಿಂತ ಮೇಲೆ ಅವಳು ಯಾರ ಹತ್ತಿರ ವಾಕ್ಯ ಓದಿಸಿಕೊಳ್ತಿದ್ದಾಳೆ? ಕಸ್ಟಮರ್ ಅಂಗಡಿ ಬದಲಿಸಿದ್ರೆ ಯಾರಿಗೂ ವಿವರಣೆ ಕೊಡಬೇಕಿಲ್ಲ. ಮೆಂಬರ್ ಹೋಗುವಾಗ ಎದುರು ಕೂತು ಹೇಳಿ ಹೋಗಬೇಕು, ಕೇಳಬೇಕಾದ್ದನ್ನ ಕೇಳಿ, ಅಳಬೇಕಾದ್ರೆ ಅತ್ತು.

ಆ ತಮ್ಮನಿಗೆ ನಾನು ಮೊನ್ನೆ ಮತ್ತೆ ಫೋನ್ ಮಾಡಿದೆ. ಬಿಡು ಅನ್ನಲಿಲ್ಲ, ಇರು ಅನ್ನಲೂ ಇಲ್ಲ. ಇನ್ನೊಮ್ಮೆ ಕೇಳು, ಈ ಸಲ ಒಬ್ಬನೇ ಕೇಳಬೇಡ, ಕಾಣಿಕೆ ಕೊಟ್ಟ ಇನ್ನಿಬ್ಬರನ್ನ ಕರೆದುಕೊಂಡು ಹೋಗಿ ಗೌರವದಿಂದ ಕೇಳು ಅಂದೆ. ಬೇಕಾದ್ರೆ ಈ ಸಂದೇಶವನ್ನೂ ಆ ಹಿರಿಯರಿಗೆ ಕಳಿಸು, ಹಿಂದಿನ ವಿಡಿಯೋ ಕಳಿಸಿದ ಹಾಗೆ. "ಅವರು ಆಗ್ಲೂ ಹೇಳಲಿಲ್ಲಾಂದ್ರ?" ಅಂದ. ಆಗ ಎದ್ದು ಹೇಳಿ ಬಾ, ಮನೆ ಹತ್ತಿರದ ಒಂದು ಸಭೆ ಹುಡುಕು, ಅಲ್ಲಿ ಮೊದಲ ತಿಂಗಳೇ ಒಂದು ಕೆಲಸ ಕೇಳಿ ತಗೋ, ಕುರ್ಚಿ ಹಾಕೋದಾದರೂ ಸರಿ ಅಂದೆ.

ನಮ್ಮ ಸಭೆಯ ವಿಷಯ. ಈ ವರ್ಷದ ಜಮಾಖರ್ಚು ಬರೋ ಭಾನುವಾರ ಆರಾಧನೆ ಆದ ಮೇಲೆ ಓದ್ತೀವಿ. ಪುಸ್ತಕ ಮತ್ತೆ ಬಿಲ್ಲುಗಳ ಫೈಲು ಮೇಜಿನ ಮೇಲೆ ಇರ್ತದೆ, ಯಾರು ಬೇಕಾದ್ರೂ ತಿರುವಿ ನೋಡಬಹುದು. ನನ್ನ ಸಂಬಳವೂ ಅದರಲ್ಲಿ ಇದೆ. ಆ ತರಕಾರಿ ಅಕ್ಕ ಓದೋಕೆ ಬರೋದಿಲ್ಲ ಅಂದಿದ್ದಾರೆ, ಅವರ ಪಕ್ಕ ಕೂತು ಓದಿ ಹೇಳೋಕೆ ಒಬ್ಬರು ಬೇಕು. ಹೆಸರು ಕೊಡೋರು ಪ್ರಾರ್ಥನೆ ಆದ ಮೇಲೆ ನನ್ನ ಹತ್ತಿರ ಬನ್ನಿ. ಈಗ ಎಲ್ಲರೂ ಎದ್ದು ನಿಲ್ಲೋಣ, ಪ್ರಾರ್ಥನೆ ಮಾಡೋಣ.